ತಕ್ಕಡಿಗೆ ಗೊತ್ತಿರುವಷ್ಟು

ಸೋಮವಾರ ಪರೀಕ್ಷೆ. ಇವತ್ತು ಶುಕ್ರವಾರ.
ಲಮಾರಾ ಟೀಚರ ಅಡುಗೆಮನೆಯಲ್ಲಿ
ಕಟ್ಟಿಗೆ ಒಲೆಗೆ ಬೆನ್ನು ಕೊಟ್ಟು ಕೂತಿದ್ದೇನೆ,
ಐವತ್ತೊಂದು ವರ್ಷದ ವಿದ್ಯಾರ್ಥಿನಿ.
ಅವರ ಎರಡೂ ಕಣ್ಣಿಗೆ ಪೊರೆ; ಪುಸ್ತಕ ನನ್ನ ಕೈಲಿ.
"ಓದು," ಅನ್ನುತ್ತಾರೆ. ಓದುತ್ತೇನೆ.
"ತಪ್ಪು," ಅನ್ನುತ್ತಾರೆ, ಕಿವಿಯಿಂದಲೇ ಕಂಡು.

ಇಪ್ಪತ್ತೆಂಟು ವರ್ಷ ಚಿಯಾತುರಾದ ಕೇಬಲ್ ಕಾರು ನಡೆಸಿದವಳು ನಾನು.
ಬೆಳಗಿನವರನ್ನು ಗಣಿಗೆ ಏರಿಸಿ
ಮಸಿಮೋರೆಯವರನ್ನು ಇಳಿಸಿಕೊಂಡವಳು.
ಹಳೇ ಹಗ್ಗ ನಿಂತವು. ಹೊಸ ಗಾಡಿಗೆ ಹೊಸಬರು ಬಂದರು.
ಈಗ ಅದಿರಿನ ಲ್ಯಾಬಿನಲ್ಲಿ ಒಂದು ಜಾಗ ಖಾಲಿ:
ಗಾಜು ತೊಳೆಯಬೇಕು, ತೂಗಬೇಕು, ಬರೆದಿಡಬೇಕು.
ಅದಕ್ಕೂ ಪರೀಕ್ಷೆ.

"ಮೋಲ್ ಅಂದರೆ?"
ಡಜನ್ ಇದ್ದ ಹಾಗೆ, ಒಂದು ಎಣಿಕೆಯ ಹೆಸರು.
ಆರರ ಬೆನ್ನಿಗೆ ಇಪ್ಪತ್ತಮೂರು ಸೊನ್ನೆ.
"ಸುಮಾರು ಅನ್ನು."
ಸುಮಾರು.
ಯಾರು ಎಣಿಸಿದರು ಅಂತ ಕೇಳಿದೆ. ನಕ್ಕರು.
"ಗಾಡಿ ತುಂಬಿದಾಗ ನೀನು ತಲೆ ಎಣಿಸುತ್ತಿದ್ದೆಯಾ?"
ಇಲ್ಲ. ಹಗ್ಗ ಎಷ್ಟು ಜಗ್ಗಿತೆಂದು ನೋಡುತ್ತಿದ್ದೆ.
"ಹಾಗೇ ಇದು. ಎಣಿಸಲಾಗದ್ದನ್ನು ತೂಗುವುದು."

ಮ್ಯಾಂಗನೀಸ್ ಐವತ್ತೈದು. ಆಕ್ಸಿಜನ್ ಹದಿನಾರು, ಅಂಥವು ಎರಡು.
ಕೂಡಿದರೆ ಎಂಬತ್ತೇಳು ಗ್ರಾಂ,
ಒಂದು ಹಿಡಿಯೂ ಆಗದಷ್ಟು ಕಪ್ಪು ಹುಡಿ.
ಜುಂಬೇರನ ಕಾಲರಿನಲ್ಲಿ, ಕಿವಿಯ ಮಡಿಕೆಯಲ್ಲಿ,
ಎಷ್ಟು ಒಗೆದರೂ ದಿಂಬಿನ ಮೇಲೆ ಉಳಿಯುತ್ತಿತ್ತಲ್ಲ, ಅದೇ.
ಇಷ್ಟು ವರ್ಷ ಅದನ್ನು ಕೊಳೆ ಅಂದಿದ್ದೆ.
ಅದಕ್ಕೊಂದು ಸೂತ್ರವಿದೆಯೆಂದು ಗೊತ್ತಿರಲಿಲ್ಲ.

ಆಮೇಲೆ ಸಮೀಕರಣ.
ಡೈಆಕ್ಸೈಡು ಈಚೆ, ಹೈಡ್ರೋಕ್ಲೋರಿಕ್ ಆಮ್ಲ ಅದರ ಪಕ್ಕ,
ಬಾಣದ ಆಚೆ ಕ್ಲೋರೈಡು, ಕ್ಲೋರಿನ್, ನೀರು.
ನೀರಿಗೆ ಎರಡು ಕೊಟ್ಟೆ, ಹೈಡ್ರೋಜನ್ ಕೆಟ್ಟಿತು.
ಆಮ್ಲಕ್ಕೂ ಎರಡು ಕೊಟ್ಟೆ, ಅದೂ ಸಾಲದು, ಇದೂ ಸಾಲದು.
ಸೂತ್ರದೊಳಗಿನ ಪುಟ್ಟ ಅಂಕಿಯನ್ನೇ ತಿದ್ದಿಬಿಡೋಣವೆಂದು
ರಬ್ಬರ್ ಎತ್ತಿದೆ. ಸದ್ದು ಕೇಳಿಸಿತೇನೋ.
"ಒಳಗಿನದನ್ನು ಮುಟ್ಟಬೇಡ. ಮುಟ್ಟಿದರೆ ಅದು ಬೇರೆ ವಸ್ತು.
ಎಷ್ಟು ಕರೆಯುತ್ತೀ ಅನ್ನುವುದು ಮಾತ್ರ ನಿನ್ನ ಕೈಯಲ್ಲಿರುವುದು."

ಆಗ ಕಣ್ಣಿಗೆ ಬಂತು ನನ್ನ ಗಾಡಿ:
ಒಂದು ಏರಿದರೆ ಇನ್ನೊಂದು ಇಳಿಯಲೇಬೇಕು.
ಕ್ವಿರಿಲಾ ನದಿಯ ಮೇಲೆ, ನಟ್ಟ ನಡುವೆ,
ಎರಡೂ ಎದುರಾಗಿ ದಾಟುವಾಗ
ಪಾಳಿ ಮುಗಿದವರು ಪಾಳಿಗೆ ಹೊರಟವರಿಗೆ
ಕಿಟಕಿಯಿಂದ ಕೈ ಬೀಸುತ್ತಿದ್ದರು.
ನಡುದಾರಿಯಲ್ಲಿ ಯಾರೂ ಮಾಯವಾಗುವ ಹಾಗಿಲ್ಲ.
ಆಮ್ಲದ ಮುಂದೆ ನಾಲ್ಕು ಬರೆದೆ.
ಎಂಬತ್ತೇಳಕ್ಕೆ ನೂರ ನಲವತ್ತಾರು: ಇನ್ನೂರ ಮೂವತ್ತಮೂರು.
ಆಚೆಯದನ್ನು ಮೂರು ಸಲ ಕೂಡಿದೆ, ನಂಬಿಕೆ ಬಾರದೆ.
ಇನ್ನೂರ ಮೂವತ್ತಮೂರು.
ಕೆಟಲು ಕುದಿದು ಮುಚ್ಚಳ ಕುಣಿಯುತ್ತಿತ್ತು,
ಇಬ್ಬರೂ ಏಳಲಿಲ್ಲ.

ಸೀಮಿತ ಪ್ರತಿಕ್ರಿಯಕ. ಪದವೇ ಬಾಯಲ್ಲಿ ಹೊರಳಲಿಲ್ಲ.
ಟೀಚರು ಮೇಜು ತಡವಿ ಬಟ್ಟಲು ಮುಂದೆಳೆದರು:
"ಹಿಟ್ಟು ಆರಕ್ಕಾಗುವಷ್ಟು, ಚೀಸು ನಾಲ್ಕಕ್ಕೆ.
ಎಷ್ಟು ಖಾಚಪುರಿ ಆದಾವು?"
ಯಾವುದು ಮೊದಲು ಮುಗಿಯುತ್ತದೋ ಅದರ ಲೆಕ್ಕ.
ಗಣಿಯಲ್ಲಿ ಅದಿರು ಬೇಕಾದಷ್ಟಿತ್ತು,
ಬಾಕಿ ಸಂಬಳವಿತ್ತು, ಸಾಲದ ಕಂತೂ ಇತ್ತು.
ಜುಂಬೇರನಲ್ಲಿ ಮೊದಲು ಮುಗಿದದ್ದು ಉಸಿರು.
ಹೇಳಲಿಲ್ಲ.
ನಾಲ್ಕು, ಅಂದೆ.
"ಸರಿ," ಅಂದರು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ, "ಸರಿ."

ಕೊನೆಗೆ ಸಾರ್ಥಕ ಅಂಕಿಗಳು.
ಹನ್ನೆರಡು ಪಾಯಿಂಟ್ ನಾಲ್ಕು ಗ್ರಾಂ ಹುಡಿ, ಎಷ್ಟು ಮೋಲ್?
ಕ್ಯಾಲ್ಕುಲೇಟರು ತೋರಿಸಿದ್ದನ್ನೆಲ್ಲ ಓದಿದೆ, ಒಂಥರಾ ಹೆಮ್ಮೆಯಲ್ಲಿ:
ಸೊನ್ನೆ ಪಾಯಿಂಟ್ ಒಂದು ನಾಲ್ಕು ಎರಡು ಐದು ಎರಡು ಎಂಟು ಏಳು...
"ನಿನ್ನ ತಕ್ಕಡಿಗೆ ಅಷ್ಟೆಲ್ಲ ಗೊತ್ತಿತ್ತೇ?"
ಇಲ್ಲ.
"ಅದಕ್ಕೆ ಗೊತ್ತಿಲ್ಲದ್ದನ್ನು ನೀನೇಕೆ ಹೇಳುತ್ತೀ?"
ಬಾಲ ಕತ್ತರಿಸಿದೆ. ಸೊನ್ನೆ ಪಾಯಿಂಟ್ ಒಂದು ನಾಲ್ಕು ಮೂರು.

ಬಾಗಿಲಲ್ಲಿ ಬೂಟು ಹಾಕುತ್ತ ಕೇಳಿಯೇಬಿಟ್ಟೆ,
ಪಾಸಾಗುತ್ತೇನಾ ಟೀಚರ್?
ದನಿ ಬಂದ ಕಡೆಗೆ ಮುಖ ತಿರುಗಿಸಿದರು,
ಏನನ್ನೋ ತೂಗುವವರ ಹಾಗೆ.
"ನಾಳೆ ಹತ್ತಕ್ಕೆ ಬಾ. ದ್ರಾವಣದ ಪಾಠ ಬಾಕಿಯಿದೆ.
ಬರುವಾಗ ಚೀಸು ತಾ,
ಹಿಟ್ಟು ಉಳಿದಿದೆ."